ಸಾವಿನ ದಿನಕ್ಕೆ ‘ಶುಭ ಶುಕ್ರವಾರ’ ಅನ್ನೋದು ಯಾಕೆ?

ಕೌಲ್ ಬಜಾರ್ ಡಿಟಿಪಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್, ತಿಥಿ ಕಾರ್ಡು ಎಲ್ಲಾ ಮಾಡಿಕೊಡುತ್ತೇನೆ. ಮೊನ್ನೆ ಒಂದು ಚರ್ಚಿನ ಹುಡುಗರು ಬಂದು ಗುಡ್ ಫ್ರೈಡೆಗೆ ಆರಡಿ ನಾಲ್ಕಡಿ ಫ್ಲೆಕ್ಸ್ ಬೇಕು ಎಂದರು. ಗಡಿಬಿಡಿಯಲ್ಲಿದ್ದರು, ಹೆಸರು, ಸಮಯ ಹೇಳಿ ಹೊರಟರು. ನಾನು ಬೇರೆ ಹಬ್ಬಗಳಿಗೆ ಮಾಡುವ ಹಾಗೆಯೇ ಅಂಚಿಗೆ ಚೆಂಡುಹೂವಿನ ಮಾಲೆ ಇಟ್ಟೆ, ಎರಡೂ ಮೂಲೆಗೆ ದೀಪ ಇಟ್ಟೆ. ನಡುವೆ ದಪ್ಪ ಅಕ್ಷರದಲ್ಲಿ ‘ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು’ ಎಂದು ಕೂರಿಸಿ ಪ್ರಿಂಟ್ ತೆಗೆಸಿದೆ.

ಸಂಜೆ ಆ ಸಭೆಯ ಹಿರಿಯರೊಬ್ಬರು ಬಂದರು. ಫ್ಲೆಕ್ಸ್ ಬಿಚ್ಚಿ ನೋಡಿದರು. ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ತಮ್ಮಾ, ಮನೆಯಲ್ಲಿ ಯಾರಾದರೂ ತೀರಿಕೊಂಡ ದಿನಕ್ಕೆ ಹಿಂಗೆ ಬರೆಸ್ತಾರೇನಪ್ಪಾ?’ ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಯೇಸುವನ್ನು ಶಿಲುಬೆಗೆ ಹಾಕಿದ ದಿನ ಅದು ಅನ್ನೋದು ನನಗೆ ಗೊತ್ತಿತ್ತು. ಆದರೂ ಹೆಸರಿನಲ್ಲೇ ‘ಶುಭ’ ಇದೆಯಲ್ಲ, ಕೈ ತಾನೇ ‘ಶುಭಾಶಯ’ ಟೈಪ್ ಮಾಡಿಬಿಟ್ಟಿತು.

ಹೊಸ ಫ್ಲೆಕ್ಸ್ ನನ್ನ ಖರ್ಚಿನಲ್ಲೇ ಹಾಕಿಕೊಡುತ್ತೇನೆ, ಅದರ ಮಾತು ಬಿಡಿ. ನನ್ನ ಪ್ರಶ್ನೆ ಬೇರೆ. ಅಂಥ ದಿನಕ್ಕೆ ಇಂಗ್ಲಿಷಿನಲ್ಲಿ ‘ಗುಡ್’ ಎಂದು ಹೆಸರಿಟ್ಟವರು ಯಾರು, ಯಾಕೆ? ನಾವು ಅದನ್ನು ‘ಶುಭ’ ಮಾಡಿಕೊಂಡಿದ್ದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ಸತ್ಯವೇದ ಓದುಗ, ಬಳ್ಳಾರಿ

ತಮ್ಮಾ, ನೀವು ಮನಸ್ಸಿಗೆ ಹಚ್ಚಿಕೊಂಡು ಕೇಳಿದ್ದು ನೋಡಿ ಸಂತೋಷವಾಯಿತು. ಇದಕ್ಕೆ ಉತ್ತರ ಸುಲಭ ಇದೆ. ಅದು ಮೊದಲು ‘ಗಾಡ್ಸ್ ಫ್ರೈಡೆ’ ಆಗಿತ್ತು, ದೇವರ ಶುಕ್ರವಾರ. ಜನರ ಬಾಯಲ್ಲಿ ಸವೆದು ಸವೆದು ‘ಗುಡ್ ಫ್ರೈಡೆ’ ಆಯಿತು. ನಾನು ಸಣ್ಣವನಿದ್ದಾಗ ಸಂಡೆ ಸ್ಕೂಲಿನಲ್ಲಿ ಇದನ್ನೇ ಕಲಿಸಿದರು. ಹಾಗಾಗಿ ‘ಶುಭ’ ಎನ್ನುವುದು ಸವೆದ ಮಾತಿನ ಅನುವಾದ ಅಷ್ಟೆ.

ಮುದಗಲ್ ಮಾಸ್ತರ, ರಾಯಚೂರು ಜಿಲ್ಲೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಹುಟ್ಟಿನಿಂದ ಕ್ಯಾಥೊಲಿಕ್. ಬಿಜಾಪುರದ ಆದಿಲಶಾಹಿಗಳ ಕಾಲದಿಂದ ನಮ್ಮ ಮುದಗಲ್ಲಿನಲ್ಲಿ ಕ್ಯಾಥೊಲಿಕ್ ಮನೆತನಗಳಿವೆ. ಓದುಗರೇ, ‘ಗಾಡ್ಸ್ ಫ್ರೈಡೆ’ ಕಥೆಯನ್ನು ನಾನೂ ಮಕ್ಕಳಿಗೆ ಬಹಳ ವರ್ಷ ಹೇಳಿಕೊಟ್ಟಿದ್ದೇನೆ. ಆಮೇಲೆ ನಿಘಂಟು ತೆಗೆದು ನೋಡಿದ ಮೇಲೆ ಬಿಟ್ಟೆ.

‘ಗುಡ್’ ಎಂಬ ಮಾತಿಗೆ ಹಿಂದಿನ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥ ಇತ್ತು. ದೇವರಿಗೆ ಮೀಸಲಾದದ್ದು, ಪವಿತ್ರವಾದದ್ದು ಎಂದು. ಚರ್ಚು ವಿಶೇಷವಾಗಿ ಆಚರಿಸುವ ದಿನ, ಕಾಲಗಳಿಗೆ ಆ ಮಾತು ಬಳಸುತ್ತಿದ್ದರು. ಅದೇ ವಾರದ ಬುಧವಾರವನ್ನು ‘ಗುಡ್ ವೆಡ್ನಸ್‌ಡೇ’ ಎಂದು ಕರೆದದ್ದೂ ಇದೆ. ಕ್ರಿಸ್ಮಸ್ ಕಾಲಕ್ಕೆ ‘ಗುಡ್ ಟೈಡ್’ ಎಂಬ ಹೆಸರಿತ್ತು. ಇವೆಲ್ಲ ಈಗ ಬಳಕೆಯಲ್ಲಿ ಇಲ್ಲ, ಶುಕ್ರವಾರ ಒಂದು ಉಳಿದುಕೊಂಡಿತು. ಅದರ ಜೊತೆಗೆ ಇನ್ನೊಂದು ಉಳಿದಿದೆ ನೋಡಿ. ಬೈಬಲ್ಲನ್ನು ಇವತ್ತಿಗೂ ಇಂಗ್ಲಿಷಿನಲ್ಲಿ ‘ದ ಗುಡ್ ಬುಕ್’ ಅನ್ನುತ್ತಾರೆ. ಚೆನ್ನಾಗಿರುವ ಪುಸ್ತಕ ಅಂತಲ್ಲ, ಪವಿತ್ರ ಗ್ರಂಥ ಅಂತ.

1290ರ ಸುಮಾರಿನಲ್ಲಿ, ಸಂತರ ಕಥೆಗಳನ್ನು ಪದ್ಯದಲ್ಲಿ ಹೇಳುವ ಒಂದು ಇಂಗ್ಲಿಷ್ ಸಂಗ್ರಹದಲ್ಲಿ ಈ ಹೆಸರು ಸಿಗುತ್ತದೆ. ಅಲ್ಲೇ ಅದು ‘ಗುಡ್’ ಎಂದೇ ಇದೆ, ‘ಗಾಡ್’ ಎಂದಲ್ಲ.

ಸತ್ಯವೇದ ಓದುಗ, ಬಳ್ಳಾರಿ

ಮಾಸ್ತರ್ ಸರ್, ಗೌರವದಿಂದಲೇ ಹೇಳುತ್ತೇನೆ, ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ‘ಗುಡ್ ಬೈ’ ಹೇಗೆ ಹುಟ್ಟಿತು? ‘ಗಾಡ್ ಬಿ ವಿತ್ ಯೂ’, ದೇವರು ನಿಮ್ಮ ಜೊತೆ ಇರಲಿ. ಅದೇ ಸವೆದು ಗುಡ್ ಬೈ ಆಗಿದೆ. ಇದನ್ನು ನಿಘಂಟಿನವರೂ ಒಪ್ಪುತ್ತಾರೆ. ಅಲ್ಲಿ ಗಾಡ್ ಹೋಗಿ ಗುಡ್ ಆಗಬಹುದಾದರೆ ಇಲ್ಲಿ ಯಾಕಾಗಬಾರದು?

ಮುದಗಲ್ ಮಾಸ್ತರ, ರಾಯಚೂರು ಜಿಲ್ಲೆ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಗುಡ್ ಬೈ ವಿಷಯ ನಿಜ. ಆದರೆ ಅದು ಆಗಿದ್ದು ಬಹಳ ತಡವಾಗಿ, ‘ಗುಡ್ ಡೇ’, ‘ಗುಡ್ ಈವ್ನಿಂಗ್’ ಎಲ್ಲರ ಬಾಯಲ್ಲಿ ಕೂತ ಮೇಲೆ. ಅವುಗಳ ಜೊತೆ ಸೇರಿ ಇದೂ ಗುಡ್ ಆಯಿತು. ಅದು ಸವೆದು ಬಂದ ದಾರಿ ಬರಹದಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಶುಕ್ರವಾರಕ್ಕೆ ಅಂಥ ಹೆಜ್ಜೆ ಗುರುತು ಸಿಗುವುದಿಲ್ಲ.

ಇನ್ನೊಂದು ಮಾತು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ದೇವರಿಗೆ ‘ಗೊಡ್’, ಒಳ್ಳೆಯದಕ್ಕೆ ‘ಗೋಡ್’. ಒಂದು ಹ್ರಸ್ವ, ಒಂದು ದೀರ್ಘ. ಬರೆಯುವಾಗ ಎರಡೂ ಒಂದೇ ಥರ ಕಂಡರೂ ನುಡಿಯುವಾಗ ಬೇರೆ. ನಮ್ಮಲ್ಲಿ ‘ಕೊಡು’ ಬೇರೆ, ‘ಕೋಡು’ ಬೇರೆ, ಅಲ್ವಾ? ‘ಆಕಳಿಗೆ ಎರಡು ಕೋಡು’ ಅನ್ನೋದನ್ನು ಯಾರೂ ‘ಎರಡು ಕೊಡು’ ಎಂದು ಕೇಳಿಸಿಕೊಳ್ಳುವುದಿಲ್ಲ. ಆ ಕಾಲದ ಇಂಗ್ಲಿಷರಿಗೂ ಹಾಗೆಯೇ.

ಡಚ್ ಭಾಷೆಯಲ್ಲೂ ಈ ದಿನಕ್ಕೆ ಒಳ್ಳೆಯ ಶುಕ್ರವಾರ ಎಂದೇ ಹೆಸರು, ‘ಗೂದೆ ವ್ರೈದಾಖ್’. ಅವರ ದೇವರು ಎಂಬ ಪದಕ್ಕೂ ಇದಕ್ಕೂ ಗೊಂದಲ ಆಗುವುದೇ ಇಲ್ಲ. ಎರಡರ ಸ್ವರ ಬೇರೆ ಬೇರೆ.

ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಸುವಾರ್ತೆಗೆ ಇಂಗ್ಲಿಷಿನಲ್ಲಿ ‘ಗಾಸ್ಪೆಲ್’ ಅನ್ನುತ್ತಾರಲ್ಲ, ಅದು ಮೂಲದಲ್ಲಿ ‘ಗೋಡ್ ಸ್ಪೆಲ್’, ಒಳ್ಳೆಯ ಸುದ್ದಿ. ಗ್ರೀಕಿನ ಪದವನ್ನು ಹಾಗೆ ಅನುವಾದ ಮಾಡಿಕೊಂಡಿದ್ದರು. ನಮ್ಮ ‘ಸುವಾರ್ತೆ’ಯೂ ಅದೇ ಅರ್ಥ. ಆಮೇಲೆ ಸ್ವರ ಗಿಡ್ಡವಾಯಿತು, ಜನ ಅದನ್ನು ‘ದೇವರ ಕಥೆ’ ಎಂದು ತಿಳಿದರು. ಅಂದರೆ ಅಲ್ಲಿ ಗುಡ್ ಹೋಗಿ ಗಾಡ್ ಆಯಿತು. ನೀವು ಹೇಳುವುದಕ್ಕೆ ಪೂರ್ತಿ ಉಲ್ಟಾ.

ಗಂಗಾವತಿ ಅಕ್ಕ, ಕೊಪ್ಪಳ ಜಿಲ್ಲೆ

ನಾನು ನರ್ಸ್. ನಮ್ಮ ವಾರ್ಡಿನಲ್ಲಿ ಜೊತೆಗೆ ಕೆಲಸ ಮಾಡುವ ಗೆಳತಿ ಕೇರಳದವಳು. ಅವರ ಮಲಯಾಳದಲ್ಲಿ ಈ ದಿನಕ್ಕೆ ‘ದುಃಖ ವೆಳ್ಳಿ’ ಎಂದು ಹೆಸರು. ವೆಳ್ಳಿ ಅಂದರೆ ಶುಕ್ರವಾರ. ದುಃಖದ ಶುಕ್ರವಾರ, ಅಷ್ಟೇ. ಹೆಸರು ಕೇಳಿದರೆ ಸಾಕು, ದಿನ ಎಂಥದ್ದು ಎಂದು ಗೊತ್ತಾಗುತ್ತದೆ. ಆ ದಿನ ಅವರ ಊರಿನ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹಾಗಲಕಾಯಿ ರಸ ಹಾಕಿದ ಕಹಿ ನೀರು ಕುಡಿಯಲು ಕೊಡುತ್ತಾರಂತೆ. ಶಿಲುಬೆಯ ಮೇಲೆ ಯೇಸುವಿಗೆ ಹುಳಿರಸ ಕೊಟ್ಟಿದ್ದರಲ್ಲ, ಅದರ ನೆನಪಿಗೆ. ಆಮೇಲೆ ಗಂಜಿ ಊಟ. ಹೋದ ವರ್ಷ ಡ್ಯೂಟಿ ಇತ್ತು, ಊರಿಗೆ ಹೋಗಲಾಗಲಿಲ್ಲ. ಟಿಫಿನ್ ಡಬ್ಬಿಯಲ್ಲಿ ಗಂಜಿ, ಹೆಸರುಕಾಳು ತಂದು ಒಬ್ಬಳೇ ಮೂಲೆಯಲ್ಲಿ ಕೂತು ಉಂಡಳು. ಆ ಹೊತ್ತಿಗೆ ನಮ್ಮ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ಒಂದರ ಮೇಲೊಂದು ‘ಹ್ಯಾಪಿ ಗುಡ್ ಫ್ರೈಡೆ’ ಸ್ಟಿಕರ್ ಬೀಳುತ್ತಿದ್ದವು, ಬಲೂನು, ಗುಲಾಬಿ ಎಲ್ಲಾ ಇದ್ದವು. ಅವಳು ಫೋನ್ ಬೋರಲು ಹಾಕಿದಳು. ಏನೂ ಅನ್ನಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ತಮಿಳಿನವರು ‘ಪೆರಿಯ ವೆಳ್ಳಿ’ ಅನ್ನುತ್ತಾರೆ, ದೊಡ್ಡ ಶುಕ್ರವಾರ. ‘ಪುನಿತ ವೆಳ್ಳಿ’ ಅಂತಲೂ ಇದೆ, ಪವಿತ್ರ ಶುಕ್ರವಾರ. ನಾವು ಮತ್ತು ತೆಲುಗಿನವರೇ ‘ಶುಭ’ ಹಿಡಿದುಕೊಂಡಿರುವುದು. ಬಳ್ಳಾರಿ, ರಾಯಚೂರು ಕಡೆ ಎರಡು ಭಾಷೆಯ ಪ್ರಾರ್ಥನೆಯೂ ನಡೆಯುತ್ತದೆ, ಹಾಗಾಗಿ ಎರಡೂ ಕಡೆ ಅದೇ ಕಿವಿಗೆ ಬೀಳುತ್ತದೆ. ನನ್ನ ಕೇಳಿದರೆ ಮಲಯಾಳಿಗಳ ಹೆಸರೇ ಸರಿ.

ಸಿರುಗುಪ್ಪದ ಕನ್ನಡ ವಿದ್ಯಾರ್ಥಿ, ಬಳ್ಳಾರಿ ಜಿಲ್ಲೆ

ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ‘ಶುಭ’ ಸಂಸ್ಕೃತದಿಂದ ಬಂದದ್ದು. ಅದರ ಮೂಲದಲ್ಲಿ ಹೊಳೆಯುವುದು, ಬೆಳಗುವುದು ಎಂಬ ಅರ್ಥವಿದೆ. ‘ಶುಭ್ರ’ ಬಂದಿದ್ದೂ ಅಲ್ಲಿಂದಲೇ. ಆದರೆ ನಮ್ಮ ಮನೆಗಳಲ್ಲಿ ಶುಭ ಅಂದರೆ ಏನು? ಲಗ್ನ, ಸೀಮಂತ, ಗೃಹಪ್ರವೇಶ. ‘ಶುಭ ಕಾರ್ಯ ಇದೆ’ ಅಂದರೆ ಯಾರೂ ಸಾವಿನ ಮನೆ ನೆನೆಯುವುದಿಲ್ಲ. ಸಾವು, ಸೂತಕ ಇದ್ದರೆ ಅದೇ ‘ಅಶುಭ’. ಪದ ಒಂದೇ ಆದರೂ ಬಳಕೆಯೇ ಅದರ ಅರ್ಥ ಅಲ್ವಾ?

ಮಾಸ್ತರು ಹೇಳಿದ ಹಾಗೆ ‘ಗುಡ್’ ಅಂದರೆ ‘ಪವಿತ್ರ’ ಆಗಿದ್ದರೆ, ಅನುವಾದ ಮಾಡಿದವರು ಈಗಿನ ಅರ್ಥವನ್ನು ಹಿಡಿದು ಹಳೆಯ ಅರ್ಥವನ್ನು ಕೈಬಿಟ್ಟರು. ಅದು ತಪ್ಪು ಅನುವಾದ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮೂರರಲ್ಲೂ ಈ ದಿನ ‘ಪವಿತ್ರ ಶುಕ್ರವಾರ’. ಕನ್ನಡದಲ್ಲೂ ‘ಪವಿತ್ರ ಶುಕ್ರವಾರ’ ಎಂದು ಬರೆಯುವವರು ಇದ್ದಾರೆ. ಅದನ್ನೇ ಗಟ್ಟಿ ಮಾಡಿಕೊಂಡರೆ ಡಿಟಿಪಿ ಅಣ್ಣನಿಗೆ ಆದ ಹಾಗೆ ಮತ್ತೆ ಯಾರಿಗೂ ಆಗುವುದಿಲ್ಲ.

ಸತ್ಯವೇದ ಓದುಗ, ಬಳ್ಳಾರಿ

‘ಗಾಡ್ಸ್ ಫ್ರೈಡೆ’ ಬಗ್ಗೆ ಮಾಸ್ತರು ಹೇಳಿದ್ದು, ಅದರಲ್ಲೂ ಆ ಕೊಡು ಕೋಡು ಮಾತು, ಯೋಚನೆ ಮಾಡುವ ಹಾಗೆ ಮಾಡಿತು. ಅದನ್ನು ಇಲ್ಲಿಗೆ ಬಿಡುತ್ತೇನೆ. ಆದರೆ ಹೆಸರು ಬದಲಾಯಿಸುವ ಮಾತು ಒಪ್ಪಲಾರೆ.

ನಮ್ಮ ಊರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಬಂದರು, ಲಂಡನ್ ಮಿಷನ್ನಿನವರು. ಬಳ್ಳಾರಿಯಲ್ಲೇ ಕೂತು ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತಂದರು. ಪೂರ್ತಿ ಬೈಬಲ್ ಹೊರಬರುವ ಹೊತ್ತಿಗೆ 1831 ಆಗಿತ್ತು. ಅವರ ಜೊತೆಗಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರದು. ಕಿಟೆಲ್ ನಿಘಂಟಿಗಿಂತ ಅರವತ್ತೆರಡು ವರ್ಷ ಮೊದಲು. ಈ ಊರಿನಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡ ಹುಡುಕಿದವರು ಪದಕ್ಕೆ ಬೆಲೆ ಗೊತ್ತಿಲ್ಲದವರಲ್ಲ ಎನ್ನುವುದಕ್ಕೆ ಹೇಳಿದೆ. ‘ಗುಡ್ ಫ್ರೈಡೆ’ ಎಂಬ ಹೆಸರು ಬೈಬಲ್ಲಿನಲ್ಲಿ ಇಲ್ಲ, ಅದು ಸಭೆಯ ರೂಢಿಯಿಂದ ಬಂದದ್ದು, ಅದೂ ಸರಿ.

ಆದರೆ ನಮಗೆ ಆ ದಿನ ಬರೀ ದುಃಖ ಅಲ್ಲ. ಯೇಸು ಸತ್ತದ್ದು ನಮಗಾಗಿ ಎಂದು ನಾವು ನಂಬುತ್ತೇವೆ. ಆ ಸಾವಿನಿಂದ ನಮಗೆ ಪಾಪದಿಂದ ಬಿಡುಗಡೆ ಬಂತು. ಮಧ್ಯಾಹ್ನ 12ರಿಂದ 3ರವರೆಗೆ, ಬಳ್ಳಾರಿಯ ಆ ಬಿಸಿಲಲ್ಲಿ, ಒಂದು ತೊಟ್ಟು ನೀರು ಕುಡಿಯದೆ ಕೂತಿರುತ್ತೇವೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಏಳನೆಯದು ಮುಗಿಯುವಾಗ ಬಹಳ ಜನ ಅಳುತ್ತಾರೆ. ಆದರೆ ಆ ಅಳು ಸಾವಿನ ಮನೆಯ ಅಳು ಅಲ್ಲ. ಇದನ್ನು ಬರೆದು ತಿಳಿಸುವುದು ಕಷ್ಟ. ‘ಶುಭ’ ಎಂಬ ಮಾತು ನಮ್ಮ ಪಾಲಿಗೆ ಆ ನಂಬಿಕೆಯನ್ನೇ ಹೇಳುತ್ತದೆ. ಅದು ತಪ್ಪು ಅನುವಾದದಿಂದ ಬಂದಿರಲಿ ಬಿಡಲಿ, ಈಗ ನಮ್ಮದು.

ಸಿರುಗುಪ್ಪದ ಕನ್ನಡ ವಿದ್ಯಾರ್ಥಿ, ಬಳ್ಳಾರಿ ಜಿಲ್ಲೆ

ಸರ್, ನಿಮ್ಮ ನಂಬಿಕೆಯ ಮೇಲೆ ನನ್ನ ಮಾತಿಲ್ಲ. ಆದರೆ ಹೆಸರು ಸಭೆಯ ಒಳಗಿನವರಿಗೆ ಮಾತ್ರ ಅಲ್ಲವಲ್ಲ. ಕ್ಯಾಲೆಂಡರಿನಲ್ಲಿ ಇರುತ್ತದೆ, ರಜೆ ಪಟ್ಟಿಯಲ್ಲಿ ಇರುತ್ತದೆ, ಪೇಪರಿನಲ್ಲಿ ಬರುತ್ತದೆ. ಹೊರಗಿನವನು ‘ಶುಭ’ ಎಂದು ಓದಿದರೆ ಅವನಿಗೆ ನಿಮ್ಮ ಆ ಮೂರು ಗಂಟೆ ಕಾಣಿಸುವುದಿಲ್ಲ. ಚೆಂಡುಹೂವೇ ಕಾಣಿಸುತ್ತದೆ. ಅದಕ್ಕೇ ಅಣ್ಣ ಚೆಂಡುಹೂವು ಇಟ್ಟದ್ದು.

ಜುಮ್ಮಾ ಮಸೀದಿ ಓಣಿ, ರಾಯಚೂರು

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ಓದುತ್ತಾ ಓದುತ್ತಾ ನಮ್ಮ ಮೊಹರಂ ನೆನಪಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹುತಾತ್ಮರಾದ ದಿನ ಅದು. ಶೋಕದ ದಿನ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳಲ್ಲಿ ಅದನ್ನು ಏನನ್ನುತ್ತಾರೆ? ‘ಅಲಾಯಿ ಹಬ್ಬ’, ‘ಪೀರಲ ಹಬ್ಬ’. ಹಬ್ಬ! ಲಿಂಗಾಯತರು, ಕುರುಬರು, ನಾಯಕರು ಎಲ್ಲರೂ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ, ಹುಲಿ ವೇಷ ಹಾಕುತ್ತಾರೆ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಕುಣಿಯುತ್ತಾರೆ. ಮಾಸ್ತರ ಮುದಗಲ್ಲಿನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ಜನ ರಾತ್ರಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವಾಗ, ಹುಸೇನರಿಗೆ ನೀರು ಸಿಗದೇ ಹೋದ ಜಾಗ ಬಂದಾಗ ಗಂಟಲು ಕಟ್ಟುತ್ತದೆ. ಕುಣಿತ, ಶೋಕ ಎರಡೂ ಒಂದೇ ಓಣಿಯಲ್ಲಿ ಇರುತ್ತವೆ. ಆದರೆ ಈಚೆಗೆ ‘ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಫ್ಲೆಕ್ಸ್ ಜಾಸ್ತಿಯಾಗಿದೆ. ಹಿರಿಯರಿಗೆ ಅದು ಹಿಡಿಸುವುದಿಲ್ಲ. ಹಬ್ಬ ಅಂದರೆ ಸಹಿಸುತ್ತಾರೆ, ಶುಭಾಶಯ ಅಂದರೆ ಮುಖ ತಿರುಗಿಸುತ್ತಾರೆ.

ಇನ್ನೊಂದು ಇದೆ, ಅದು ಈ ಚರ್ಚೆಗೆ ಸರಿಯಾಗಿ ಕೂರುತ್ತದೆ. ದರ್ಗಾಗಳಲ್ಲಿ ‘ಉರುಸು’ ನಡೆಯುತ್ತದಲ್ಲ, ನೀವೆಲ್ಲ ಹೋಗಿರುತ್ತೀರಿ. ಅದು ಆ ಸಂತರು ತೀರಿಕೊಂಡ ದಿನ. ‘ಉರ್ಸ್’ ಅರಬ್ಬಿ ಪದ, ಅದರ ಅರ್ಥ ಗೊತ್ತಾ? ಮದುವೆ. ಸಂತರು ತಾವು ಪ್ರೀತಿಸಿದ ದೇವರನ್ನು ಸೇರಿಕೊಂಡ ದಿನ, ಹಾಗಾಗಿ ಸಾವಿನ ದಿನಕ್ಕೆ ಮದುವೆ ಎಂದು ಹೆಸರು. ತಮ್ಮಾ ವಿದ್ಯಾರ್ಥಿ, ಮದುವೆಗಿಂತ ದೊಡ್ಡ ಶುಭ ಕಾರ್ಯ ಯಾವುದಿದೆ ಹೇಳು?

ಅರಬ್ ಕ್ರೈಸ್ತರು ಈ ಶುಕ್ರವಾರಕ್ಕೆ ‘ಅಲ್ ಜುಮುಆ ಅಲ್ ಅಜೀಮಾ’ ಎನ್ನುತ್ತಾರೆ. ಮಹಾ ಶುಕ್ರವಾರ.

ಸಿರುಗುಪ್ಪದ ಕನ್ನಡ ವಿದ್ಯಾರ್ಥಿ, ಬಳ್ಳಾರಿ ಜಿಲ್ಲೆ

ಅಣ್ಣಾ, ಉರುಸಿಗೆ ಎಷ್ಟು ಸಲ ಹೋಗಿದ್ದೇನೆ, ಅರ್ಥ ಇವತ್ತೇ ಗೊತ್ತಾಗಿದ್ದು. ನೀವು ಹೇಳಿದ ಮೇಲೆ ನಮ್ಮ ಶರಣರ ‘ಮರಣವೇ ಮಹಾನವಮಿ’ ನೆನಪಾಯಿತು. ಸಾವನ್ನೇ ಹಬ್ಬ ಎಂದವರು ಅವರು. ನಾನು ಹೇಳಿದ ‘ಸಾವು ಅಂದರೆ ಅಶುಭ’ ಎಂಬ ಮಾತು ಈ ನೆಲಕ್ಕೆ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೂ ‘ಶುಭ’ ಎಂಬ ಪದವೇ ಸರಿಯಾದ ಪದವಾ ಎನ್ನುವುದು ಇನ್ನೂ ಉಳಿದಿದೆ.

ಕೌಲ್ ಬಜಾರ್ ಡಿಟಿಪಿ, ಬಳ್ಳಾರಿ

ನಿಮ್ಮೆಲ್ಲರ ಮಾತು ಓದಿ ಅಂಗಡಿಯಲ್ಲಿ ಹಳೇ ಫೈಲುಗಳನ್ನು ತೆಗೆದು ನೋಡಿದೆ. ನಾನು ಮಾಡಿದ ತಿಥಿ ಕಾರ್ಡುಗಳು ನೂರಾರಿವೆ. ಅವುಗಳ ತಲೆಬರಹ ಏನಿರುತ್ತದೆ ಗೊತ್ತಾ? ‘ಶಿವಗಣಾರಾಧನೆ’, ‘ಕೈಲಾಸ ಸಮಾರಾಧನೆ’, ‘ವೈಕುಂಠ ಸಮಾರಾಧನೆ’. ವರ್ಷದ್ದಾದರೆ ‘ಪುಣ್ಯಸ್ಮರಣೆ’, ‘ಪುಣ್ಯತಿಥಿ’. ಒಂದರಲ್ಲೂ ದುಃಖ ಎಂದಿಲ್ಲ, ಸಾವು ಎಂದೂ ಇಲ್ಲ. ನಾವು ಸತ್ತ ದಿನಕ್ಕೆ ‘ಪುಣ್ಯ’ ಎನ್ನುತ್ತೇವೆ. ಇಷ್ಟು ವರ್ಷ ಟೈಪ್ ಮಾಡಿದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಆದರೆ ಕಾರ್ಡು ನೋಡಿದ ಕೂಡಲೇ ಇದು ಲಗ್ನದ್ದಲ್ಲ ಅಂತ ಗೊತ್ತಾಗುತ್ತದೆ. ತಿಥಿ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚುವುದಿಲ್ಲ. ಹೂವಿನ ಬಾರ್ಡರ್ ಹಾಕುವುದಿಲ್ಲ. ಬಣ್ಣವೂ ಕಮ್ಮಿ, ಕಪ್ಪು ಅಕ್ಷರ, ಮೇಲೊಂದು ಫೋಟೊ. ಮತ್ತೆ ಯಾರೂ ‘ಪುಣ್ಯತಿಥಿಯ ಶುಭಾಶಯಗಳು’ ಎಂದು ಬರೆಸುವುದಿಲ್ಲ. ನನಗೆ ಈಗ ಅನಿಸುತ್ತಿರುವುದು, ನನ್ನ ತಪ್ಪು ‘ಶುಭ ಶುಕ್ರವಾರ’ ಎಂಬಲ್ಲಿ ಇರಲಿಲ್ಲ. ಅದರ ಮುಂದೆ ‘ದ ಶುಭಾಶಯಗಳು’ ಹಚ್ಚಿದ್ದರಲ್ಲಿ ಇತ್ತು.

ಮಾಸ್ತರು ಹೇಳಿದ ಹಳೇ ‘ಗುಡ್’ಗೂ ನಮ್ಮ ‘ಪುಣ್ಯ’ಕ್ಕೂ ಬಹಳ ಹತ್ತಿರ ಅಲ್ವಾ ಸರ್? ಪುಣ್ಯ ಅಂದರೂ ಪವಿತ್ರವೇ, ಒಳ್ಳೆಯದೇ.

ಮುದಗಲ್ ಮಾಸ್ತರ, ರಾಯಚೂರು ಜಿಲ್ಲೆ

ತಮ್ಮಾ, ನಿಘಂಟು ಇಟ್ಟುಕೊಂಡ ನನಗೆ ಹೊಳೆಯದ್ದು ನಿನ್ನ ತಿಥಿ ಕಾರ್ಡಿನಲ್ಲಿ ಸಿಕ್ಕಿತು. ‘ಪುಣ್ಯ ಶುಕ್ರವಾರ’. ಬಾಯಲ್ಲಿ ಹೇಳಿ ನೋಡಿದೆ. ಚೆನ್ನಾಗಿದೆ. ಪುಣ್ಯಕ್ಷೇತ್ರ, ಪುಣ್ಯತಿಥಿ, ಪುಣ್ಯ ಶುಕ್ರವಾರ. ಅರ್ಥ ಅದೇ ಬರುತ್ತದೆ, ಯಾರೂ ಹೂವಿನ ಬಾರ್ಡರ್ ಹಾಕುವುದಿಲ್ಲ.

ಇನ್ನೂ ಕೆಲವು ಹೆಸರು ಹೇಳುತ್ತೇನೆ. ಒಬ್ಬೊಬ್ಬರು ಈ ದಿನದ ಒಂದೊಂದು ಮುಖ ಹಿಡಿದಿದ್ದಾರೆ. ಜರ್ಮನ್ನರು ‘ಕಾರ್‌ಫ್ರೈಟಾಗ್’ ಎನ್ನುತ್ತಾರೆ. ‘ಕಾರ’ ಎಂದರೆ ಹಳೆಯ ಜರ್ಮನ್ನಿನಲ್ಲಿ ಗೋಳು, ಶೋಕ. ಇಂಗ್ಲಿಷಿನ ‘ಕೇರ್’ ಅದರದೇ ನೆಂಟ. ಅಂದರೆ ಮಲಯಾಳಿಗಳ ದುಃಖ ವೆಳ್ಳಿಯೇ. ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡಿನವರಿಗೆ ಅದು ‘ಉದ್ದ ಶುಕ್ರವಾರ’. ಇಂಗ್ಲಿಷರೂ ಮೊದಲು ಹಾಗೇ ಕರೆಯುತ್ತಿದ್ದರು, ಆಮೇಲೆ ‘ಗುಡ್’ ಬಂತು. ಉಪವಾಸ ಇದ್ದು ಆ ದಿನ ಕಳೆದವರಿಗೆ ಯಾಕೆ ಉದ್ದ ಎಂದು ಬಿಡಿಸಿ ಹೇಳಬೇಕಿಲ್ಲ. ರಷ್ಯನ್ನರಿಗೆ, ಪೋಲೆಂಡಿನವರಿಗೆ ದೊಡ್ಡ ಶುಕ್ರವಾರ, ತಮಿಳಿನವರ ಹಾಗೆ.

ಗ್ರೀಕರದು ವಿಚಿತ್ರ. ಅವರಿಗೆ ಪ್ರತಿ ಶುಕ್ರವಾರವೂ ‘ಪರಸ್ಕೆವಿ’, ಸಿದ್ಧತೆಯ ದಿನ. ಯೆಹೂದ್ಯರು ಶನಿವಾರದ ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಶುಕ್ರವಾರವೇ ಎಲ್ಲ ತಯಾರಿ ಮಾಡಿಕೊಳ್ಳುತ್ತಿದ್ದರು, ಅದಕ್ಕೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಯೇಸು ಸತ್ತ ದಿನವನ್ನು ‘ಸೌರಣೆಯ ದಿನ’ ಎಂದಿದ್ದಾರೆ. ಸೌರಣೆ ಎಂದರೆ ತಯಾರಿಯೇ. ಎಷ್ಟು ಒಳ್ಳೆಯ ಕನ್ನಡ ಪದ, ಈಗ ಯಾರೂ ಬಳಸುವುದಿಲ್ಲ.

ನಮ್ಮ ಕ್ಯಾಥೊಲಿಕ್ ಪೂಜಾ ಪುಸ್ತಕದ ಲತೀನಿನಲ್ಲಿ ‘ಗುಡ್’ ಇಲ್ಲವೇ ಇಲ್ಲ. 1955ರವರೆಗೆ ಅಲ್ಲೂ ಸಿದ್ಧತೆಯ ಶುಕ್ರವಾರ ಎಂದೇ ಇತ್ತು. ಆಮೇಲೆ ಪ್ರಭುವಿನ ಯಾತನೆ ಮತ್ತು ಮರಣದ ಶುಕ್ರವಾರ ಎಂದಾಯಿತು. ಈಗ ‘ಪ್ರಭುವಿನ ಯಾತನೆಯ ಶುಕ್ರವಾರ’. ಆ ದಿನ ನಮ್ಮಲ್ಲಿ ಬಲಿಪೂಜೆ (ಮಾಸ್) ಇಲ್ಲ. ವರ್ಷದಲ್ಲಿ ಅಂಥ ದಿನ ಬಹಳ ಕಮ್ಮಿ. ಪೀಠದ ಮೇಲಿನ ಬಟ್ಟೆಯನ್ನೂ ತೆಗೆದಿರುತ್ತಾರೆ, ಬರೀ ಕಲ್ಲು ಕಾಣುತ್ತದೆ. ಗಂಟೆ ಬಾರಿಸುವುದಿಲ್ಲ. ಮೂರು ಗಂಟೆಗೆ ಗುರುಗಳು ಒಂದು ಮಾತೂ ಆಡದೆ ಒಳಗೆ ಬಂದು ನೆಲದ ಮೇಲೆ ಬೋರಲು ಮಲಗುತ್ತಾರೆ. ಇಡೀ ಚರ್ಚು ಮಂಡಿಯೂರುತ್ತದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಎಪ್ಪತ್ತಾಯಿತು, ಇವತ್ತಿಗೂ ಆ ಒಂದು ಗಳಿಗೆಯಲ್ಲಿ ಮೈ ಜುಂ ಎನ್ನುತ್ತದೆ.

ಗಂಗಾವತಿ ಅಕ್ಕ, ಕೊಪ್ಪಳ ಜಿಲ್ಲೆ

ಸರ್, ಒಂದು ಕೇಳಬೇಕು. ‘ಹ್ಯಾಪಿ’ ಅನ್ನಬಾರದು, ‘ಶುಭಾಶಯ’ ಅನ್ನಬಾರದು. ಹಾಗಾದರೆ ನನ್ನ ಗೆಳತಿಗೆ ಆ ದಿನ ಏನನ್ನಲಿ? ಏನೂ ಅನ್ನದೆ ಇದ್ದರೆ ಮರೆತ ಹಾಗಾಗುತ್ತದೆ.

ಮತ್ತೆ ಯೇಸು ಎದ್ದುಬಂದ ಭಾನುವಾರದ ಹಬ್ಬಕ್ಕೆ ಈಸ್ಟರ್ ಅನ್ನೋ ಹೆಸರಿನದು ಏನು ಕಥೆ?

ಮುದಗಲ್ ಮಾಸ್ತರ, ರಾಯಚೂರು ಜಿಲ್ಲೆ

ಈಸ್ಟರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದೇ ಬೇರೆ ದೊಡ್ಡ ಚರ್ಚೆ. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 725ರಲ್ಲಿ ಬರೆದ ಹಾಗೆ, ಅವರ ಜನ ಏಪ್ರಿಲ್ ಹೊತ್ತಿನ ತಿಂಗಳನ್ನು ‘ಎಯೊಸ್ತ್ರೆ’ ಎಂಬ ದೇವಿಯ ಹೆಸರಿನಲ್ಲಿ ಕರೆಯುತ್ತಿದ್ದರು, ಹಬ್ಬಕ್ಕೂ ಅದೇ ಹೆಸರು ಅಂಟಿತು. ಆ ದೇವಿಯ ಬಗ್ಗೆ ಬೀಡ್ ಬಿಟ್ಟರೆ ಹಳೆಯ ಬರಹ ಬೇರೆ ಸಿಗುವುದಿಲ್ಲ, ಅದಕ್ಕೆ ಜಗಳ ನಿಂತಿಲ್ಲ. ಹೆಚ್ಚಿನ ಭಾಷೆಗಳಲ್ಲಿ ಹೆಸರು ಬಂದಿರುವುದು ಯೆಹೂದ್ಯರ ಪಸ್ಕ ಹಬ್ಬದಿಂದ. ನಮ್ಮ ಕನ್ನಡ ಪೂಜೆಯಲ್ಲೂ ‘ಪಾಸ್ಖ’ ಎಂದೇ ಇದೆ.

ಗೆಳತಿಗೆ ಏನನ್ನಬೇಕು ಎಂದು ಕೇಳಿದಿರಿ. ‘ಇವತ್ತು ನಿಮ್ಮ ಉಪವಾಸ ಅಲ್ವಾ, ಮಧ್ಯಾಹ್ನದ ಡ್ಯೂಟಿ ನಾನು ನೋಡಿಕೊಳ್ಳುತ್ತೇನೆ, ಪ್ರಾರ್ಥನೆಗೆ ಹೋಗಿ ಬಾ’ ಎನ್ನಿ. ಶುಭಾಶಯವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಆವತ್ತು ಎಷ್ಟು ಬೇಕಾದರೂ ಹೇಳಿ, ಬಲೂನೂ ಕಳಿಸಿ.

ಸತ್ಯವೇದ ಓದುಗ, ಬಳ್ಳಾರಿ

ಮಾಸ್ತರು ಹೇಳಿದ್ದು ನೂರಕ್ಕೆ ನೂರು ಸರಿ. ಹೆಸರಿನ ವಿಷಯದಲ್ಲಿ ಮಾತ್ರ ನಾನು ನನ್ನ ಮಾತಿನ ಮೇಲೆ ಇದ್ದೇನೆ. ‘ಪುಣ್ಯ ಶುಕ್ರವಾರ’ ಕೇಳಲು ಚೆನ್ನಾಗಿದೆ, ಆದರೆ ನಮ್ಮ ಸಭೆಗಳಲ್ಲಿ ‘ಪುಣ್ಯ’ ಎಂದರೆ ಮನುಷ್ಯ ತಾನು ಮಾಡಿ ಗಳಿಸುವುದು ಎಂಬ ಅರ್ಥ ಬಂದುಬಿಡುತ್ತದೆ. ಬಿಡುಗಡೆ ಗಳಿಕೆಯಲ್ಲ, ಕೃಪೆ. ಇದು ನಮಗೆ ಸಣ್ಣ ಮಾತಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಅದು ಶುಭ ಶುಕ್ರವಾರವಾಗಿಯೇ ಇರುತ್ತದೆ. ಹೊರಗಿನವರಿಗೆ ತಿಳಿಸಿ ಹೇಳುವ ಕೆಲಸ ನಮ್ಮದು, ಅದನ್ನು ನಾವು ಸರಿಯಾಗಿ ಮಾಡಿಲ್ಲ.

ಸಿರುಗುಪ್ಪದ ಕನ್ನಡ ವಿದ್ಯಾರ್ಥಿ, ಬಳ್ಳಾರಿ ಜಿಲ್ಲೆ

ಪುಣ್ಯದಲ್ಲಿ ಆ ತೊಡಕು ಇದೆ ಎಂದು ನನಗೆ ಹೊಳೆದಿರಲಿಲ್ಲ ಸರ್. ಹಾಗಾದರೆ ನಾನು ‘ಪವಿತ್ರ’ಕ್ಕೇ ವಾಪಸು ಹೋಗುತ್ತೇನೆ. ಒಂದು ಮಾತು ಹೇಳಿಬಿಡುತ್ತೇನೆ, ‘ಶಿಲುಬೆ’ ಎಂಬ ಪದ ಇಂಗ್ಲಿಷಿನಿಂದ ಬಂದದ್ದಲ್ಲ. ಸಿರಿಯಾಕಿನ ‘ಸ್ಲೀಬಾ’ದಿಂದ ಬಂದದ್ದು. ಯೇಸು ಆಡುತ್ತಿದ್ದ ಅರಮಾಯಿಕ್ ಮಾತಿನ ಕವಲು ಅದು. ಅಂದರೆ ಈ ದಿನದ ಬಗ್ಗೆ ನಮ್ಮ ಹತ್ತಿರ ಇಂಗ್ಲಿಷಿಗಿಂತ ಹಳೆಯ ಪದವೂ ಇದೆ. ಹೆಸರನ್ನು ಮಾತ್ರ ಇಂಗ್ಲಿಷಿನಿಂದ ಯಾಕೆ ತಂದೆವೋ ಎಂದು ಬೇಜಾರು.

ಕೌಲ್ ಬಜಾರ್ ಡಿಟಿಪಿ, ಬಳ್ಳಾರಿ

ಹೊಸ ಫ್ಲೆಕ್ಸ್ ಆಯಿತು. ಚೆಂಡುಹೂವು, ದೀಪ ತೆಗೆದೆ. ಹಿನ್ನೆಲೆ ಕಡು ಕೆಂಪು ಇಟ್ಟೆ. ನಡುವೆ ಒಂದು ಬರಿಯ ಮರದ ಶಿಲುಬೆ. ಮೇಲೆ ‘ಶುಭ ಶುಕ್ರವಾರ’, ಅದರ ಕೆಳಗೆ ‘ಯೇಸುಸ್ವಾಮಿಯ ಮರಣದ ಸ್ಮರಣೆ’. ಕೊನೆಗೆ ‘ಧ್ಯಾನ ಕೂಟ, ಮಧ್ಯಾಹ್ನ 12ರಿಂದ 3’. ಅಷ್ಟೇ ಇಟ್ಟಿದ್ದೇನೆ.

ಆ ಹಿರಿಯರಿಗೆ ಫೋನ್ ಮಾಡಿದೆ, ಬಂದು ನೋಡಿದರು. ಎರಡನೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ದುಡ್ಡು ಬೇಡ ಎಂದರೂ ಕೇಳಲಿಲ್ಲ, ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಬಿಟ್ಟರು. ಹೋಗುವಾಗ, ‘ಶುಕ್ರವಾರ ಅಂಗಡಿ ಬಾಗಿಲು ಹಾಕಿ ಬಾ, ಹಿಂದಿನ ಬೆಂಚಲ್ಲಿ ಕೂರು, ಏಳನೇ ಮಾತು ಕೇಳಿಕೊಂಡು ಹೋಗು’ ಎಂದರು. ಹೋಗುತ್ತೇನೆ.